ಒಂಟಿಯಾಗಿ ನಿಲ್ಲದ ಸ್ವರ

“ಇದಲ್ಲಕ್ಕಾ, ಆ ಇನ್ನೊಂದು,” ಎಂದ ಕಿವಿರಾಯ. ಹೆಡ್‌ಫೋನನ್ನು ಊಟಕ್ಕೂ ತೆಗೆಯದ ಆ ಧ್ವನಿ ತಂತ್ರಜ್ಞನಿಗೆ ನಗರಪಾಲಿಕೆಯವರೇ ಇಟ್ಟ ಹೆಸರು ಅದು. ಗಾಜಿನಾಚೆ ಮೈಕಿನ ಮುಂದೆ ನಿಂತಿದ್ದ ದಾದಿ ಮತ್ತೆ ಬಾಯಿ ತೆರೆದಳು. ಮತ್ತೆ ಅದೇ ‘ಎ’ ಬಂತು, ಉಜ್ಜಿ ತೊಳೆದು ಬೋರಲು ಹಾಕಿದ ಲೋಟದಷ್ಟು ಸ್ವಚ್ಛವಾಗಿ. ಬೇಕಿದ್ದದ್ದು ಅದಲ್ಲ.

ಕಿವಿರಾಯನ ಪಕ್ಕದಲ್ಲಿ ಕೂತಿದ್ದ ಯೋಜನಾಧಿಕಾರಿ ಮೇಜಿನಡಿ ಚಪ್ಪಲಿ ಬಿಚ್ಚಿ, ಊದಿದ ಪಾದಗಳನ್ನು ತಣ್ಣನೆಯ ನೆಲಕ್ಕೆ ಒತ್ತಿದಳು. ಊರಿನ ಆಡಳಿತವೆಲ್ಲ ಡಿಜಿಟಲ್ ಆಗುವ ಕಾಲ. ನೀರು, ದೀಪ, ಕಸ, ಯಾವ ದೂರಿದ್ದರೂ ಇನ್ನು ಫೋನಿನಲ್ಲಿ ಯಂತ್ರವೇ ಕೇಳಿಕೊಳ್ಳಬೇಕು. ಇಂಡೊನೇಷ್ಯದಿಂದ ವಲಸೆ ಬಂದು ಬಂದರಿನ ಮೀನಿನ ಶೆಡ್ಡುಗಳಲ್ಲಿ ದುಡಿಯುವ ಹೆಂಗಸರಿಗೋ ತಮ್ಮ ಭಾಷೆ ಬಿಟ್ಟರೆ ಬೇರೆ ಬಾರದು; ಊರಿನಲ್ಲಿ ಅದನ್ನೂ ಕನ್ನಡವನ್ನೂ ಬಲ್ಲವಳು ಅದೇ ನಾಡಿನಿಂದ ಬಂದ ಈ ದಾದಿ ಒಬ್ಬಳೇ. ಅವರ ಓಣಿಯ ನಲ್ಲಿ ಒಣಗಿ ಎಷ್ಟೋ ಕಾಲವಾಗಿತ್ತು; ಫೋನ್ ಮಾಡಿದರೆ ಇತ್ತ ಯಾರಿಗೂ ತಿಳಿಯದು, ಬೈಸಿಕೊಂಡು ಇಡುವರು. “ನಿಮ್ಮ ಮಾತಲ್ಲೇ ಕೇಳೋ ಫೋನ್ ತರ್ತೀನಿ” ಎಂದು ಅವರಿಗೆ ಮಾತು ಕೊಟ್ಟವಳು ಇವಳೇ. ಇವತ್ತು ಸ್ವರಗಳ ಧ್ವನಿಮುದ್ರಣ ಮುಗಿಯದಿದ್ದರೆ ಆ ಭಾಷೆಯನ್ನೇ ಯೋಜನೆಯಿಂದ ತೆಗೆಯುವುದಾಗಿ ಆಯುಕ್ತರು ಹೇಳಿದ್ದರು.

ಉಳಿದದ್ದು ಒಂದೇ ಒಂದು ಸ್ವರ. ಅಜ್ಜಿಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿ ಅಡಗಿದ್ದ ಹಾಗೆ, ಇಡೀ ಯೋಜನೆಯ ಪ್ರಾಣ ಅದರಲ್ಲಿ ಹೋಗಿ ಕೂತಿತ್ತು. ‘ಅ’ ಎನ್ನುವ ಹಾಗಿಲ್ಲ, ‘ಎ’ ಎನ್ನುವ ಹಾಗೂ ಇಲ್ಲ. ತುಟಿ ಅರೆ ತೆರೆದಿರಬೇಕು, ನಾಲಿಗೆ ಏನೂ ಮಾಡದೆ ಬಿದ್ದುಕೊಂಡಿರಬೇಕು. ಆ ಭಾಷೆಯಲ್ಲಿ ಹೆಜ್ಜೆಗೊಮ್ಮೆ ಕೆಲಸಕ್ಕೆ ಬಂದರೂ ಯಾರ ಕಣ್ಣಿಗೂ ಬೀಳದ, ದೊಡ್ಡ ಮನೆಯ ಸೊಸೆಯಂಥ ಸ್ವರ. ಮಾತಿನ ನಡುವೆ ನುಸುಳಿ ಓಡಾಡುತ್ತದೆಯೇ ಹೊರತು ಒಂಟಿಯಾಗಿ ಎಲ್ಲೂ ನಿಲ್ಲದು. ಯಂತ್ರಕ್ಕೋ ಪ್ರತಿ ಸ್ವರವನ್ನೂ ಬಿಡಿಬಿಡಿಯಾಗಿಯೇ ಉಣಿಸಬೇಕು; ಆಮೇಲೆ ಅದು ಅವನ್ನು ಪೋಣಿಸಿಕೊಂಡು ಮಾತಾಡುವುದು.

“ಯಾವ್ದಾದ್ರೂ ಮಾತಿನ ಮಧ್ಯದಿಂದ ಕತ್ತರಿಸ್ಕೊಳ್ಳೋಕೆ ಆಗಲ್ವೇನ್ರೀ?” ಎಂದಳು ಅಧಿಕಾರಿ.

“ಕೂಡು ಕುಟುಂಬ ಇದ್ದ ಹಾಗೆ ಮೇಡಂ. ಒಂದನ್ನ ಕರೆದ್ರೆ ಪಕ್ಕದ ಸದ್ದುಗಳೂ ಗಂಟುಮೂಟೆ ಕಟ್ಕೊಂಡು ಬರ್ತವೆ.”

“ಬೆಳಗಿಂದ ಆಸ್ಪತ್ರೇಲಿ ನಿಂತೇ ಇದೀನಿ,” ಎಂದಳು ದಾದಿ ಆಚೆಯಿಂದ. “ಒಂದು ಕುರ್ಚಿನಾದ್ರೂ ಹಾಕಬಾರ್ದಾ?”

“ಕಿರುಗುಟ್ಟುತ್ತೆ ಅಕ್ಕ, ಮೈಕಿಗೆ ಬೀಳುತ್ತೆ. ಇನ್ನೊಂದೇ ಒಂದ್ಸಲ.”

“ನಿನ್ನ ಒಂದ್ಸಲಕ್ಕೆ ಮೊಮ್ಮಕ್ಕಳು ಹುಟ್ಟಿದಾವೆ ತಮ್ಮಾ!”

ಆದರೂ ನುಡಿದಳು. ಅದೇ ಲೋಟ, ಅದೇ ಹೊಳಪು. ಅಧಿಕಾರಿ ಕಾಲಿನಿಂದಲೇ ತಡಕಿ ಚಪ್ಪಲಿ ಹುಡುಕಿಕೊಂಡಳು. ಶೆಡ್ಡಿನ ಹೆಂಗಸರಿಗೆ ಯಾವ ಮುಖ ತೋರಿಸುವುದೆಂದು ತೋಚಲಿಲ್ಲ. “ಬಿಡಿ, ನಮ್ಮ ಹಣೇಲಿ ಇಲ್ಲ. ಮನೆಗೆ ಹೋಗಿ,” ಎಂದಳು.

ಅಷ್ಟು ಕೇಳಿದ್ದೇ ದಾದಿ ಮೈಕಿನಿಂದ ಹಿಂದೆ ಸರಿದಳು. ಗೋಡೆಗೆ ಬೆನ್ನು ಕೊಟ್ಟು ಜಾರುತ್ತ ನೆಲಕ್ಕೆ ಕೂತಳು. ಕಾಲು ತಾವಾಗಿ ಚಾಚಿಕೊಂಡವು. ದಿನವೆಲ್ಲ ಹೊತ್ತದ್ದನ್ನು ಇಳಿಸುವ ಹಾಗೆ ಗಂಟಲಿನಿಂದ ಒಂದು ಸದ್ದು ಹೊರಬಂತು. ಯಾರನ್ನೂ ಕರೆಯದ, ಏನನ್ನೂ ಕೇಳದ ಸದ್ದು. ಎದ್ದು ಹೊರಟಿದ್ದ ಅಧಿಕಾರಿಯ ತೋಳನ್ನು ಕಿವಿರಾಯ ಗಟ್ಟಿಯಾಗಿ ಹಿಡಿದುಕೊಂಡ.

“ಸಿಕ್ತು!”

ಯಂತ್ರದ ಮಾತಿಗೆ ಆ ಸದ್ದನ್ನೇ ಸ್ವರವಾಗಿ ಪೋಣಿಸಿದರು. ಭಾಷೆ ಯೋಜನೆಯಲ್ಲಿ ಉಳಿಯಿತು. ಫೋನ್ ಶುರುವಾದ ದಿನ ಮೂವರೂ ಸ್ಪೀಕರಿನ ಸುತ್ತ ಕೂತರು. ಅರ್ಥ ಹೇಳಲು ದಾದಿಯನ್ನು ಕರೆಸಿದ್ದರು. ಬಂದರಿನ ಕಡೆಯಿಂದಲೇ ಮೊದಲ ಕರೆ ಬಂತು. ತೊಂದರೆ ಏನೆಂದು ಯಂತ್ರ ಇಂಡೊನೇಷ್ಯದ ಭಾಷೆಯಲ್ಲಿ ಕೇಳಿತು. ಅದರ ದನಿ ಎರಡು ಅಕ್ಷರ ನಡೆದು ಒಮ್ಮೆ ಗೋಡೆಗೆ ಒರಗುವಂತಿತ್ತು. ಆ ಕಡೆಯ ಹೆಂಗಸು ಗಡಿಬಿಡಿಯಿಂದ ಶುರುಮಾಡಿದವಳು ನಡುವೆ ಮಾತು ನಿಲ್ಲಿಸಿದಳು. ಆಮೇಲೆ ಮೆಲ್ಲಗೆ, ಮಗು ಏಳದಂತೆ ಮಾತಾಡುವವರ ಹಾಗೆ, ಏನೋ ಹೇಳಿ ಫೋನ್ ಇಟ್ಟಳು.

“ನೀರಿನ ವಿಷಯ ತಾನೇ?” ಅಧಿಕಾರಿ ಮುಂದಕ್ಕೆ ಬಾಗಿದಳು. “ಏನಂದ್ಲು?”

ದಾದಿ ತನ್ನ ಅಂಗೈ ನೋಡಿಕೊಂಡಳು. “ನೀರು ಅಂತ್ಲೇ ಬಾಯಿ ತೆಗೆದ್ಲು ಮೇಡಂ. ಆಮೇಲೆ, ‘ಪಾಪ, ನೀನೇ ಇಷ್ಟು ಸೋತುಹೋಗಿದೀಯಲ್ಲೇ ತಾಯಿ, ಹೋಗಿ ಮಲಕ್ಕೋ. ನಮ್ಮದು ಇದ್ದಿದ್ದೇ,’ ಅಂದ್ಲು.”

ಎದುರಿನ ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ‘ದೂರು ಪರಿಹಾರವಾಗಿದೆ.’