ನೋಟಿಗೆ ಇಸ್ತ್ರಿ

“ಎರಡೂ ಕೈ ತೋರಿಸು,” ಎಂದರು ಸೆಕ್ರೆಟರಿ.

ಇಸ್ತ್ರಿಯವಳು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಅಂಗೈ ಬಿಡಿಸಿದಳು. ಬೆರಳ ಸಂದಿಯಲ್ಲೂ ಏನೂ ಇರಲಿಲ್ಲ. ಸೆಕ್ರೆಟರಿ ಅಷ್ಟಕ್ಕೇ ಬಿಡಲಿಲ್ಲ. ಗಾಡಿಯ ಮೇಲಿದ್ದ ಬಟ್ಟೆಗಳನ್ನೆಲ್ಲ ಇಳಿಸಲು ಹೇಳಿದರು, ಗುಂಡಿಗಳ ಡಬ್ಬಿಯನ್ನು ಕೈಗೆಟುಕದ ಹಾಗೆ ದೂರ ತಳ್ಳಿದರು. ಎದುರು ಕಟ್ಟಡದ ಗೇಟಿನಿಂದ ವಾಚ್‌ಮನ್‌ನನ್ನು ಸಾಕ್ಷಿಗೆಂದು ಕರೆಸಿ ನಿಲ್ಲಿಸಿದರು. ಆಮೇಲೆ ಒಳಜೇಬಿನಿಂದ ಲಕೋಟೆ ಹೊರಗೆ ಬಂತು.

ನಲವತ್ತು ನೋಟು. ಎಲ್ಲ ಒಂದೇ ಬೆಲೆಯವು, ಒಂದೇ ನೀಲಿ ಬಣ್ಣದವು. ಎಲ್ಲವೂ ಮುದುಡಿದವು.

ಆ ಕಟ್ಟಡದ ಸಂಘಕ್ಕೆ ಅವರು ಹನ್ನೊಂದು ವರ್ಷದಿಂದ ಸೆಕ್ರೆಟರಿ. ಬೆನ್ನ ಹಿಂದೆ ಜನ ಇಟ್ಟ ಹೆಸರು ಅರ್ಧಪೈಸೆ. ಹೆಂಡತಿಯ ತಮ್ಮ ಇರುವ ದೇಶಕ್ಕೆ ಎರಡು ವಾರ ರಜೆಗೆ ಹೋಗುವುದೆಂದು ಗೊತ್ತಾದ ದಿನದಿಂದ ಹಣ ಬದಲಿಸುವ ಅಂಗಡಿಗಳಿಗೆಲ್ಲ ಅಲೆದಿದ್ದರು. ಒಬ್ಬನ ದರ ಇನ್ನೊಬ್ಬನ ಮುಂದೆ ಹೇಳಿ ಚೌಕಾಸಿ. ಕೊನೆಗೆ ಒಬ್ಬ ಅಂಗಡಿಯವ ಸಾಕಾಗಿ, ಯಾರೂ ಕೊಳ್ಳದೆ ಉಳಿದಿದ್ದ ಮುದುಡಿದ ನೋಟುಗಳನ್ನು ನೂರಕ್ಕೆ ಎಂಟು ಕಡಿಮೆ ಹಿಡಿದು ಕೊಟ್ಟು ಕೈಮುಗಿದ. ಸೆಕ್ರೆಟರಿಯ ಲೆಕ್ಕ ನೇರವಾಗಿತ್ತು. ಮುದುಡಿದ್ದನ್ನು ಅಗ್ಗಕ್ಕೆ ಕೊಳ್ಳುವುದು, ಗರಿಗರಿ ಮಾಡಿಸುವುದು, ಅರ್ಧವನ್ನು ಬೇರೆ ಅಂಗಡಿಗೆ ಹೊಸ ನೋಟಿನ ದರಕ್ಕೆ ಮಾರುವುದು. ಅಲ್ಲಿ ತಿರುಗಾಡುವ ಖರ್ಚು ಇಲ್ಲೇ ಹುಟ್ಟುತ್ತದೆ.

ಗರಿಗರಿ ಮಾಡಿಸುವ ಉಪಾಯ ಮಾತ್ರ ಅವರದಲ್ಲ. ಗಂಡ ಎಂಥ ನೋಟು ತಂದಿದ್ದಾರೆ ನೋಡು ಎಂದು ಅವರ ಹೆಂಡತಿ ಬಟ್ಟೆ ಕೊಡಲು ಬಂದಾಗ ಗೊಣಗಿದ್ದರು.

“ಮುದುಡಿದ್ದಕ್ಕೆಲ್ಲ ನನ್ ಹತ್ರ ಒಂದೇ ಔಷಧಿ, ಅಮ್ಮಾವ್ರೇ,” ಎಂದಿದ್ದಳು ಇಸ್ತ್ರಿಯವಳು, ಕಾಲರ್ ತಿರುಗಿಸಿ ಹಾಕುತ್ತ. ಅಷ್ಟೇ ಅಂದಿದ್ದು. ಉಳಿದದ್ದನ್ನು ಸೆಕ್ರೆಟರಿಯ ತಲೆಯೇ ಮಾಡಿಕೊಂಡಿತು.

ಮೂರು ವರ್ಷದ ಹಿಂದೆ ಅವಳ ಮೇಜು ಆ ಕಟ್ಟಡದ ಒಳಗೇ, ಮೆಟ್ಟಿಲ ಕೆಳಗಿತ್ತು. ಭಾವಮೈದ ಬಂದಾಗ ಪ್ರೀತಿಯಿಂದ ಕೊಟ್ಟಿದ್ದ ಇಂಥದೇ ಒಂದು ನೋಟನ್ನು ಸೆಕ್ರೆಟರಿ ಅಂಗಿಯ ಜೇಬಿನಲ್ಲೇ ಮರೆತು ಇಸ್ತ್ರಿಗೆ ಕಳಿಸಿದ್ದರು. ಅಂಗಿ ವಾಪಸ್ಸು ಬಂತು, ನೋಟು ಬರಲಿಲ್ಲ. ಎಲ್ಲರೆದುರು ಅವಳ ಗಂಟು ಬಿಚ್ಚಿಸಿದರು. ಗುಂಡಿ ಡಬ್ಬಿಯನ್ನು ನೆಲಕ್ಕೆ ಸುರಿಸಿದರು. ಗುಂಡಿ, ಕೊಕ್ಕೆ, ಪಿನ್ನು, ಜೇಬುಗಳಿಂದ ಉದುರಿದ ಚೂರುಪಾರು ಬಿದ್ದವು. ನೋಟಿರಲಿಲ್ಲ. ನುಂಗಿರಬೇಕು ಎಂದರು ಸೆಕ್ರೆಟರಿ, ಜನ ನಕ್ಕರು. ಸಂಜೆಯೊಳಗೆ ಮೇಜು ಬೀದಿಗೆ ಬಿತ್ತು. ಅರ್ಧ ಮನೆಗಳು ಬಟ್ಟೆ ಕೊಡುವುದನ್ನು ನಿಲ್ಲಿಸಿದವು. ಬೇರೆ ಕಡೆ ದರ ಹೆಚ್ಚೆಂದು ಸೆಕ್ರೆಟರಿಯ ಬಟ್ಟೆ ಮಾತ್ರ ಆರೇ ತಿಂಗಳಿಗೆ ಅವಳ ಗಾಡಿಗೆ ಮರಳಿತು, ಜೇಬುಗಳನ್ನೆಲ್ಲ ತಡಕಿದ ಮೇಲೆ.

ಅದೆಲ್ಲವನ್ನೂ ಅವಳು ಸಹಿಸಿಕೊಂಡಿದ್ದಳು. ಹಾಸಿಗೆ ಹಿಡಿದಿದ್ದ ಗಂಡ ಸಾಯುವ ವಾರ ಅವಳ ಕೈ ಹಿಡಿದು ಕೇಳಿದ್ದ, “ನನ್ ಹತ್ರ ಆದ್ರೂ ನಿಜ ಹೇಳು. ತಗೊಂಡಿದ್ಯಾ?”

ಆ ಒಂದು ಪ್ರಶ್ನೆಯನ್ನು ಅವಳು ಆರಲು ಬಿಟ್ಟಿರಲಿಲ್ಲ.

ಈಗ ಅವಳ ಕಣ್ಣು ನೋಟುಗಳ ಮೇಲೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನಿಂತಿತು. ಸೆಕ್ರೆಟರಿ ಅದನ್ನು ಗಮನಿಸಿದರು.

“ನನ್ ಕೈಲಿ ಬೇಡ ಸಾರ್. ಆಮೇಲೆ ಕಮ್ಮಿ ಆದ್ರೆ ನನ್ ಮೇಲೇ ಬರುತ್ತೆ.”

“ಕಮ್ಮಿ ಆಗದ ಹಾಗೆ ನೋಡ್ಕೊಳ್ಳೋಕೇ ನಾನು ನಿಂತಿರೋದು.”

ಮೊದಲು ಪರೀಕ್ಷೆಗೆಂದು ನಮ್ಮದೇ ಒಂದು ಹಳೆಯ ನೋಟು ಕೊಟ್ಟರು. ಇಸ್ತ್ರಿ ಆಡಿದ್ದೇ ತಡ, ಅದು ಆಗಷ್ಟೇ ಅಚ್ಚಾದ ಹಾಗೆ ನಿಂತಿತು. ಸೆಕ್ರೆಟರಿ ಕಿವಿಯ ಹತ್ತಿರ ಹಿಡಿದು ಚಿಮ್ಮಿ ನೋಡಿದರು, ಮುಖ ಅರಳಿತು. ಪರದೇಶದ ನೋಟು ಇದಕ್ಕಿಂತ ಗಟ್ಟಿ, ನೀರಲ್ಲಿ ನೆನೆಸಿದರೂ ಹರಿಯುವುದಿಲ್ಲ, ನಮ್ಮ ಕಾಗದದ ಹಾಗಲ್ಲ ಎಂದು ವಾಚ್‌ಮನ್‌ಗೆ ಪಾಠ ಹೇಳಿದರು.

ಅವಳು ಒಂದು ನೀಲಿ ನೋಟಿಗೆ ಕೈ ಚಾಚಿದಳು. ಸೆಕ್ರೆಟರಿ ಲಕೋಟೆಯನ್ನು ಎದೆಗವಚಿಕೊಂಡರು. ಒಂದೊಂದೇ ಕೊಟ್ಟರೆ ನಡುವೆ ಒಂದು ಮಾಯವಾಗುವುದು ಎಷ್ಟು ಹೊತ್ತಿನ ಕೆಲಸ? ತಾವೇ ನಲವತ್ತನ್ನೂ ಗಾಡಿಯ ಹಲಗೆಯ ಮೇಲೆ ಅಂಚಿಗೆ ಅಂಚು ಕೂಡಿಸಿ ಹಾಸಿದರು, ಎಂಟರಂತೆ ಐದು ಸಾಲು. ಎರಡು ಸಲ ಎಣಿಸಿದರು. ಮೇಲೆ ಬಿಳಿ ಬಟ್ಟೆ ಹೊದಿಸಿ ಎರಡು ಮೂಲೆ ತಾವು ಹಿಡಿದರು, ಎರಡು ಮೂಲೆ ವಾಚ್‌ಮನ್ ಹಿಡಿದ.

“ನೋಟು ಮುಟ್ಟಬೇಡ. ಬಟ್ಟೆ ಮೇಲಿಂದ ಎಲ್ಲಾ ಒಂದೇ ಸಲಕ್ಕೆ ಹೊಡಿ.”

“ಬಿಸಿ ಎಷ್ಟಿರ್ಲಿ ಸಾರ್?”

“ಗರಿಗರಿ ಆಗ್ಬೇಕು. ಜೋರಾಗೇ ಇರ್ಲಿ.”

“ಕೇಳಿಸ್ತಲ್ಲ, ಅಣ್ಣಾ?” ಎಂದಳು ವಾಚ್‌ಮನ್ ಕಡೆ ತಿರುಗಿ. ಕೇಳಿಸಿತೆಂದು ಅವನು ತಲೆಯಾಡಿಸಿದ.

ಅವಳು ಕೆಂಡಕ್ಕೆ ಗಾಳಿ ಹಾಕಿದಳು. ಬೆರಳು ಅದ್ದಿ ಒಂದು ಹನಿ ಚಿಮುಕಿಸಿದಳು. ಹನಿ ಚುಂಯ್ ಎಂದು ಹಾರಿಹೋಯಿತು. ಸೆಕ್ರೆಟರಿಯ ಕಣ್ಣು ಅವಳ ಎಡಗೈ ಮೇಲಿತ್ತು. ಕದಿಯುವವರ ಕಸುಬೆಲ್ಲ ಎಡಗೈಯದು ಎಂದು ಅವರ ನಂಬಿಕೆ. ಅದನ್ನು ತಿಳಿದವಳಂತೆ ಅವಳು ಎಡಗೈಯನ್ನು ನೆತ್ತಿಯ ಮೇಲಿಟ್ಟುಕೊಂಡಳು. ಬಲಗೈ ಮಾತ್ರ ನಡೆಯಿತು. ಐದು ಸಾಲಿಗೆ ಐದು ಎಳೆತ, ಮೈಭಾರವೆಲ್ಲ ಬಿಟ್ಟು, ನಿಧಾನವಾಗಿ.

ಏನೋ ವಾಸನೆ ಎದ್ದಿತು. ನೂಲಿನದಲ್ಲ. ಸೆಕ್ರೆಟರಿ ಬಟ್ಟೆಯನ್ನು ಕಿತ್ತೆಳೆದರು.

ಒಂದೊಂದು ನೋಟಿನ ಜಾಗದಲ್ಲೂ ಹೆಬ್ಬೆರಳ ಉಗುರಿನಷ್ಟು ಒಂದು ನೀಲಿ ಚೂರು, ಗಟ್ಟಿಯಾಗಿ, ಸುರುಟಿಕೊಂಡು ಕೂತಿತ್ತು. ಚೂರಿನ ಮೇಲೆ ಯಾರದೋ ಮುಖ, ಸಾಸಿವೆ ಕಾಳಿನಷ್ಟು.

“ಪ್ಲಾಸ್ಟಿಕ್ಕು,” ಎಂದ ವಾಚ್‌ಮನ್. ಮೂರು ವರ್ಷದ ಹಿಂದೆ ಗುಂಡಿ ಡಬ್ಬಿ ಸುರಿದವನು ಅವನೇ. ಯಾರೂ ಹೇಳದೆ, ಬೆರಳು ಮಾಡಿ ಎಣಿಸಿದ. ನಲವತ್ತು. ಒಂದೂ ಕಡಿಮೆಯಿರಲಿಲ್ಲ.

ಇಸ್ತ್ರಿಯವಳು ನೆತ್ತಿಯಿಂದ ಎಡಗೈ ಇಳಿಸಿದಳು. ದೂರ ತಳ್ಳಿದ್ದ ಗುಂಡಿ ಡಬ್ಬಿಯನ್ನು ಹತ್ತಿರಕ್ಕೆಳೆದು, ತಳದಿಂದ ಏನನ್ನೋ ಹುಡುಕದೆಯೇ ಹೆಕ್ಕಿ, ಐದನೆಯ ಸಾಲಿನ ಕೊನೆಗಿಟ್ಟಳು. ಅಂಥದೇ ಒಂದು ನೀಲಿ ಚೂರು, ತುಸು ಮಾಸಿದ್ದು.

“ನಲವತ್ತೊಂದು, ಸಾರ್. ಇದು ಆವತ್ತು ನಿಮ್ಮ ಅಂಗಿ ಜೇಬಲ್ಲಿ ಇದ್ದದ್ದು.”