ಪರ್ವತರಾಯರ ಸರಂಜಾಮು

ಮರುದಿನ ಬೆಳಿಗ್ಗೆ ರೈಲು. ಪರ್ವತರಾಯರು ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಎದುರುಮನೆ ಹಲ್ಲಿನ ಡಾಕ್ಟರ ಬೂಟನ್ನು ತಿರುಗಿಸಿ ಹಿಡಿದು ಅದರ ಅಡಿಯನ್ನೇ ನೋಡುತ್ತಿದ್ದರು. ಸುತ್ತ ಟೆಂಟು, ಸ್ಲೀಪಿಂಗ್ ಬ್ಯಾಗು, ಹಣೆಗೆ ಕಟ್ಟುವ ದೀಪ, ದಪ್ಪ ಜಾಕೆಟ್ಟು. ಕೆಲವು ಎರವಲು, ಕೆಲವು ಉಡುಗೊರೆ. ಸ್ವಂತ ದುಡ್ಡಿನದು ಅಂತ ಇದ್ದದ್ದು ಮೈಮೇಲಿನ ಬನಿಯನ್ ಒಂದೇ.

ಆ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ. ವಿಮಾ ಕಚೇರಿಯಲ್ಲಿ ಊಟದ ಡಬ್ಬಿ ತೆರೆದಾಗಲೆಲ್ಲ ಹಿಮಶಿಖರದ ಮಾತು ತೆಗೆಯುತ್ತಿದ್ದುದಕ್ಕೆ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು. ಲಿಫ್ಟ್ ಕೆಟ್ಟ ದಿನ ರಜೆ ಹಾಕುತ್ತಿದ್ದ ಮನುಷ್ಯ ಅವರು. ಕೇಳಿದರೆ ಒಂದೇ ಉತ್ತರ: “ಸಾಮಾನಿಲ್ಲ ಕಣ್ರೀ. ಇದ್ದಿದ್ರೆ ಇಷ್ಟು ಹೊತ್ತಿಗೆ ನಾಲ್ಕು ಶಿಖರ ಮುಗಿದಿರ್ತಿತ್ತು.” ಕುಣಿಯಲಾರದವಳಿಗೆ ನೆಲ ಡೊಂಕು.

ಆ ನೆಲದ ಡೊಂಕು ತಿದ್ದಲು ಈ ಸಲ ಹೆಂಡತಿಯೇ ಟೊಂಕ ಕಟ್ಟಿದಳು. ಮನೆಯಲ್ಲೇ ಬಟ್ಟೆ ಹೊಲಿಯುವ ಆಕೆಯನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಭಾವನ ಹುಟ್ಟುಹಬ್ಬಕ್ಕೆ ವಾಚು ಕೊಡಲು ಹೊರಟಿದ್ದ ತನ್ನ ತಂಗಿಗೆ ಜಾಕೆಟ್ಟು ಸಾಕು ಎಂದಳು. ವರ್ಷದ ಕೊನೆಗೆ ಗಂಡನ ಕಚೇರಿಯವರು ಕೊಡುವ ಉಡುಗೊರೆ ಹಣೆಯ ದೀಪವಾಗುವಂತೆ ನೋಡಿಕೊಂಡಳು. ತಮ್ಮನಿಂದ ಟೆಂಟು, ಸ್ಲೀಪಿಂಗ್ ಬ್ಯಾಗು ಬಂತು. ಡಾಕ್ಟರ ಮನೆಯ ಪರದೆಗಳನ್ನೆಲ್ಲ ಬಿಟ್ಟಿ ಹೊಲಿದುಕೊಟ್ಟ ಮೇಲೆ ಬೂಟು ಬಂತು. ಹಲ್ಲು ಕೀಳುವವರ ಕೈಯಿಂದ ಬೂಟು ಕೀಳುವುದು ಹುಡುಗಾಟವೇ?

ಇಷ್ಟೆಲ್ಲ ಮಾಡಿದ್ದು ಶಿಖರದ ಮೇಲಿನ ಪ್ರೀತಿಗಲ್ಲ. ಹತ್ತು ದಿನ ಗಂಡ ಮನೆಯಲ್ಲಿರುವುದಿಲ್ಲ. ಹತ್ತು ದಿನ “ಏನೇ, ನನ್ನ ಕನ್ನಡಕ ಎಲ್ಲಿ” ಎಂಬ ಕೂಗಿಲ್ಲ. “ಮೇಲೆ ನೆಟ್‌ವರ್ಕ್ ಸಿಗಲ್ಲ, ಯಾರೂ ಫೋನ್ ಮಾಡ್ಬೇಡಿ” ಎಂದು ಪರ್ವತರಾಯರು ಕಂಡಕಂಡವರಿಗೆ ಹೇಳಿಕೊಂಡು ತಿರುಗುವಾಗ ಆಕೆಗೆ ಬಾಯಲ್ಲಿ ನೀರೂರುತ್ತಿತ್ತು. ಮದುವೆಯಾದಾಗಿನಿಂದ ಒಂದು ದಿನವೂ ಒಬ್ಬಳೇ ಇದ್ದವಳಲ್ಲ. ಬಟ್ಟೆ ತಂದವರಿಗೆಲ್ಲ ಆಗಲೇ “ನಾನೂ ಊರಲ್ಲಿರಲ್ಲ” ಎಂದು ಸುಳ್ಳು ಹೇಳಿ ಹೊಲಿಗೆಯಂತ್ರಕ್ಕೆ ಮುಸುಕು ಹಾಕಿಬಿಟ್ಟಿದ್ದಳು.

“ಏನೇ, ಈ ಬೂಟು ನೋಡಿದ್ಯಾ?” ಎಂದರು ಪರ್ವತರಾಯರು.

“ಏನಾಗಿದೆ ರೀ ಅದಕ್ಕೆ?”

“ಏನೂ ಆಗಿಲ್ಲ, ಅದೇ ತೊಂದರೆ! ಅಡಿಯಲ್ಲಿ ಒಂದು ಗೀರಿಲ್ಲ. ಕಲ್ಲಲ್ಲಿ ಮಣ್ಣಲ್ಲಿ ತುಳಿದು, ಆಮೇಲೆ ಯಾವ ಮುಖ ಇಟ್ಕೊಂಡು ವಾಪಸ್ ಕೊಡೋದು?”

“ತೊಳೆದು ಕೊಟ್ಟರಾಯ್ತು.”

“ಗೀರು ತೊಳೆದ್ರೆ ಹೋಗುತ್ತಾ? ಸ್ಲೀಪಿಂಗ್ ಬ್ಯಾಗು ನಿನ್ನ ತಮ್ಮನದು. ಬೆವರು ವಾಸನೆ ಹಿಡಿದ್ರೆ ನಾಳೆ ನಿನಗೇ ಮಾತು. ನಿನ್ನ ತವರಿನ ಮರ್ಯಾದೆ ನಾನು ನೋಡ್ಬೇಡ್ವಾ?”

“ಜಾಕೆಟ್ಟು ನಿಮ್ಮದೇ ಅಲ್ವಾ?”

“ಉಡುಗೊರೆ ಅದು! ಪ್ರೀತಿಯಿಂದ ಕೊಟ್ಟಿದ್ದನ್ನ ಹಿಮದಲ್ಲಿ ಹಾಳು ಮಾಡು ಅಂತೀಯಾ?” ಪರ್ವತರಾಯರು ಬೂಟನ್ನು ಹಸುಗೂಸಿನಂತೆ ಮೆಲ್ಲಗೆ ಕೆಳಗಿಟ್ಟರು. “ಬೇಡ. ಮುಂದಿನ ವರ್ಷ ಎಲ್ಲಾ ಸ್ವಂತದ್ದು ಮಾಡ್ಕೊಂಡೇ ಹೋಗ್ತೀನಿ.”

ಅದೇ ಹೊತ್ತಿಗೆ ಭಾವನಿಗೆಂದು ಬೆಟ್ಟ ಹತ್ತುವ ಊರುಗೋಲೊಂದನ್ನು ಹಿಡಿದು ಟೈಲರಮ್ಮನ ತಮ್ಮ ಒಳಗೆ ಬಂದ. ಸಂಗತಿ ಕೇಳಿ ಕೋಲನ್ನು ಮೂಲೆಗೆ ಒರಗಿಸಿ ನಕ್ಕ.

“ಯಾಕೋ ನಗ್ತೀಯ? ಭಾವ ಹೋಗಲ್ವಂತೆ!”

“ಅಯ್ಯೋ ಅಕ್ಕ, ಅದು ಗೊತ್ತಿದ್ದೇ ತಾನೇ ಎಲ್ಲರೂ ಕೊಟ್ಟಿದ್ದು? ನಿಜವಾಗಿ ಬೆಟ್ಟ ಹತ್ತೋರಿಗೆ ಯಾರಾದ್ರೂ ಹೊಸ ಬೂಟು ಎರವಲು ಕೊಡ್ತಾರಾ?”

ಪರ್ವತರಾಯರೂ ನಕ್ಕರು. ತಾವು ಎರವಲು ಹಾಳು ಮಾಡುವವರಲ್ಲ ಎಂದು ಊರಿಗಿರುವ ನಂಬಿಕೆ ಅವರಿಗೆ ಮೆಚ್ಚುಗೆಯಾಗಿತ್ತು. ಗಂಡ ಹೋಗದಿದ್ದದ್ದಕ್ಕಿಂತ ಹೆಚ್ಚಾಗಿ, ಇಡೀ ಬೀದಿಯಲ್ಲಿ ಅವರ ಮಾತು ನಂಬಿದ ದಡ್ಡಿ ತಾನೊಬ್ಬಳೇ ಎಂಬುದು ಟೈಲರಮ್ಮನಿಗೆ ಚುಚ್ಚಿತು. ಸಾಮಾನನ್ನೆಲ್ಲ ಬಾಚಿ ಎರಡು ಸಲಕ್ಕೆ ಮೇಲೆ ಹೊತ್ತಳು. ಅದಕ್ಕೂ ಮೊದಲು ಅಡುಗೆಮನೆಗೆ ಒಮ್ಮೆ ಹೋಗಿ ಬಂದಿದ್ದಳು.

“ಪಾಪ, ಗಾಳಿಗೆ ಹಾಕಿ ವಾಪಸ್ ಕೊಡೋಕೆ ಇರ್ಬೇಕು,” ಎಂದರು ಪರ್ವತರಾಯರು. ಅಕ್ಕನ ಮುಖವನ್ನು ತಮ್ಮ ನೋಡಿದ್ದ. ಕಾಫಿಗೂ ಕಾಯದೆ ಜಾಗ ಖಾಲಿ ಮಾಡಿದ.

ದೀಪ ಹಾಕುವ ಹೊತ್ತಾಯಿತು. “ಏನೇ, ಕಾಫಿಪುಡಿ ಡಬ್ಬಿ ಎಲ್ಲಿ?” ಉತ್ತರವಿಲ್ಲ. ಫೋನ್ ಮಾಡಿದರು, ಅದು ಹೊಲಿಗೆಯಂತ್ರದ ಮುಸುಕಿನಡಿಯಲ್ಲೇ ಬಡಿದುಕೊಂಡಿತು. ಬೇರೆ ದಾರಿ ಕಾಣದೆ ಪರ್ವತರಾಯರು ಆರೋಹಣಕ್ಕೆ ಇಳಿದರು. ಮೆಟ್ಟಿಲ ತಿರುವಿನಲ್ಲಿ ಒಮ್ಮೆ ಕೂತು, ಏದುಸಿರು ಬಿಡುತ್ತ ತಾರಸಿ ಮುಟ್ಟಿದರು.

ತಾರಸಿಯ ನಡುವೆ ಟೆಂಟು ನಿಂತಿತ್ತು. ಹೊಲಿಗೆಯವಳು ಎಳೆದು ಕಟ್ಟಿದ್ದು, ಎಲ್ಲೂ ಒಂದು ಸುಕ್ಕಿಲ್ಲ. ಒಳಗೆ ಹಣೆಯ ದೀಪ ಉರಿಯುತ್ತಿತ್ತು. ಬಾಗಿಲಲ್ಲಿ ಡಾಕ್ಟರ ಬೂಟು. ಅದರ ಅಡಿಗೆ ಹೂಕುಂಡದ ಹಸಿ ಮಣ್ಣು ಚೆನ್ನಾಗಿ ಮೆತ್ತಿಕೊಂಡಿತ್ತು.

“ಏನೇ ಇದು ಹುಚ್ಚಾಟ? ಕೆಳಗೆ ಬಾ. ಕಾಫಿಪುಡಿ...”

ಜಿಪ್ಪು ಒಂದು ಗೇಣು ಕೆಳಗಿಳಿಯಿತು. ಕಾಫಿಪುಡಿ ಡಬ್ಬಿ ಹಿಡಿದ ಕೈಯೊಂದು ಹೊರಬಂದು, ಅದನ್ನು ಬೂಟಿನ ಪಕ್ಕ ಇಟ್ಟು ಒಳಗೆ ಹೋಯಿತು.

“ಹತ್ತು ದಿನ ಕರೀಬೇಡಿ,” ಎಂದಿತು ಒಳಗಿನ ದನಿ. “ಮೇಲೆ ನೆಟ್‌ವರ್ಕ್ ಸಿಗಲ್ಲ.”

ಜಿಪ್ಪು ಮತ್ತೆ ಮೇಲೇರಿತು.