ಕೆಡ್ಡಸದ ದಿನದ ಹಿಮ

ಸೇಸಪ್ಪ ಮೀನಿನ ಪೆಟ್ಟಿಗೆಗಳನ್ನು ಒಂದೊಂದಾಗಿ ತಂದು ಹಿತ್ತಲಿನಲ್ಲಿ ಬೋರಲು ಹಾಕಿದ. ಬಿಳಿಯ ಹುಡಿ ರಾಶಿ ರಾಶಿಯಾಗಿ ನೆಲಕ್ಕೆ ಬಿತ್ತು. ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯ ಗ್ಯಾರೇಜುಗಳ ಹಿಂದಿನ ಆ ಅಂಗೈಯಗಲದ ಹಿತ್ತಲು ಎಂಬತ್ತೆಂಟರ ಫೆಬ್ರವರಿಯವರೆಗೆ ಮರಳು, ಗ್ರೀಸು ಬಿಟ್ಟು ಬೇರೇನನ್ನೂ ಕಂಡದ್ದಿಲ್ಲ.

"ಎಂತದು ಮಾರಾಯ್ರೆ ಇದು?" ಸೂಟ್‌ಕೇಸಿಗೆ ಹಗ್ಗ ಬಿಗಿಯುತ್ತಿದ್ದ ವಸಂತಿ ಓಡಿ ಬಂದಳು.

"ಹಿಮ! ನಮ್ಮ ಕೋಲ್ಡ್ ಸ್ಟೋರಿನ ಗೋಡೆಯಿಂದ ಕೆರೆದದ್ದು. ಡ್ರೈವರ್ ಬಾಸಿಲನ ಪಿಕಪ್ಪಿನಲ್ಲಿ ಹಾಕಿಕೊಂಡು ಬಂದೆ. ಮಗಳು ಕೇಳಿದ್ದಲ್ವಾ?"

ಕೇಳಿದ್ದೇನೋ ನಿಜ, ಆದರೆ ಅವನನ್ನಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿದ್ದ ಹಿಮದ ಬೆಟ್ಟ ತೋರಿಸಿ, "ಅದು ಉಪ್ಪಾ? ಆ ಮಾಮನಲ್ಲಿ ಕೇಳು" ಎಂದು ತಾಯಿಯ ಕಿವಿಯಲ್ಲಿ ಪಿಸುಗುಟ್ಟಿದ್ದಳು. ನಾಲ್ಕು ವರ್ಷದ ಬಬಿತ ವಿಸಿಟ್ ವೀಸಾದಲ್ಲಿ ಬಂದು ವೀಸಾ ಮುಗಿಯುತ್ತ ಬಂದರೂ ಅಪ್ಪನನ್ನು ಒಮ್ಮೆಯೂ ಅಪ್ಪ ಎಂದಿರಲಿಲ್ಲ. ಅವಳು ಹೊಟ್ಟೆಯಲ್ಲಿದ್ದಾಗ ವಿಮಾನ ಹತ್ತಿದವನು ಅವನು. ನಡುವೆ ಒಮ್ಮೆ ರಜೆಯಲ್ಲಿ ಹೋದಾಗ ಅವಳಿನ್ನೂ ಅಂಬೆಗಾಲಿಡುತ್ತಿದ್ದಳು. ಅವಳ ಅಪ್ಪ ಎಂದರೆ ಊರಿಗೆ ಬರುವ ಕ್ಯಾಸೆಟ್ಟಿನೊಳಗಿನ ಸ್ವರ ಮತ್ತು ಮದುವೆಯ ಫೋಟೋದಲ್ಲಿ ತಲೆ ತುಂಬ ಕೂದಲಿದ್ದ ಗಂಡಸು. ಇಲ್ಲಿರುವುದು ಬೋಳು ತಲೆಯ ಯಾರೋ ಒಬ್ಬ ಮಾಮ. ಹೇಳಿ ಹೇಳಿ ವಸಂತಿಗೂ ಸಾಕಾಗಿತ್ತು. "ಮಾಮ ಅಂತೆ! ನನ್ನನ್ನು ನಿಮ್ಮ ತಂಗಿ ಮಾಡಿಬಿಟ್ಟಳಲ್ಲ" ಎಂದು ಅವನನ್ನು ನಗಿಸಲು ನೋಡುತ್ತಿದ್ದಳು. ಅವನೂ ನಗುತ್ತಿದ್ದ. ಆದರೆ ಆ ಒಂದು ಮಾತಿಗಾಗಿ ಅವನ ಜೀವ ಹಾತೊರೆಯುತ್ತಿತ್ತು. ಸಂಜೆ ಅವರಿಬ್ಬರಿಗೆ ಬೊಂಬಾಯಿಯ ವಿಮಾನ; ಅವನಿಗೆ ಉಳಿದದ್ದು ಈ ಶುಕ್ರವಾರದ ಬೆಳಗು ಮಾತ್ರ.

"ಇದರಲ್ಲಿ ಎಂತ ಮಾಡುವ ಮಗಾ?" ಎಂದ.

ಬಬಿತ ತಾಯಿಯ ಸೆರಗಿನ ಹಿಂದಿನಿಂದ ಇಣುಕಿದಳು. ಉತ್ತರ ಹೋದದ್ದು ತಾಯಿಗೇ. "ಅಜ್ಜಿ ಮಾಡ್ಲಿಕ್ಕೆ ಹೇಳು."

ಮೂವರೂ ಸೇರಿ ಅಜ್ಜಿಯನ್ನು ಕಟ್ಟತೊಡಗಿದರು. ಹಿಮಕ್ಕೆ ಬಂಗುಡೆಯ ವಾಸನೆ. "ಅಡ್ಡಿಲ್ಲ, ಮೀನು ಕೊಯ್ದು ಎದ್ದಾಗ ಅತ್ತೆಯೂ ಹೀಗೇ ಪರಿಮಳ ಬರ್ತಾರೆ" ಎಂದು ವಸಂತಿ ಕಿಸಕ್ಕನೆ ನಕ್ಕಳು. ನೀರು ಚಿಮುಕಿಸಿ ತಟ್ಟಿದ ಮೇಲೆ ಹೊಟ್ಟೆಯೇನೋ ನಿಂತಿತು. ಎದೆ ಏರಿಸುವಷ್ಟರಲ್ಲಿ ಅಜ್ಜಿ ಹಿಂದಕ್ಕೆ ವಾಲಿದಳು. ಸೇಸಪ್ಪ ಪಕ್ಕದ ಗ್ಯಾರೇಜಿನಿಂದ ಒಂದು ಕಬ್ಬಿಣದ ಸರಳು ತಂದು ನೆಲಕ್ಕೆ ಊರಿ ಸುತ್ತಿಗೆ ಎತ್ತಿದ.

"ಅಯ್ಯೋ, ನಿಲ್ಲಿಸಿ! ಇವತ್ತು ಕೆಡ್ಡಸ ಅಲ್ವಾ!" ವಸಂತಿ ಕೈ ಹಿಡಿದಳು. ತುಳುನಾಡಿನಲ್ಲಿ ಕೆಡ್ಡಸದ ದಿನಗಳಲ್ಲಿ ಭೂಮಿತಾಯಿ ಮುಟ್ಟಾಗಿರುತ್ತಾಳೆ. ಯಾರೂ ನೆಲ ಅಗೆಯುವುದಿಲ್ಲ, ಒಂದು ಗೂಟವನ್ನೂ ಹೊಡೆಯುವುದಿಲ್ಲ.

"ಇದು ಮಸ್ಕತ್ತಿನ ನೆಲ ಮಾರಾಯ್ತಿ. ಇದಕ್ಕೆಂತ ಕೆಡ್ಡಸ?"

"ಭೂಮಿಗೂ ವೀಸಾ ಉಂಟಾ? ಎಲ್ಲ ಕಡೆ ತಾಯಿ ಒಬ್ಬಳೇ. ನಾವು ಹೊರಡುವ ದಿನ ಬೇರೆ, ಅವಳಿಗೆ ನೋವು ಮಾಡುವುದು ಬೇಡ."

ಸೇಸಪ್ಪ ಸರಳನ್ನು ಬದಿಗೆಸೆದ. ಅಜ್ಜಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಎರಡೂ ಅಂಗೈಗಳನ್ನು ಅವಳ ಬೆನ್ನಿಗೆ ಆನಿಸಿದ. "ಖಲಾಸ್. ನಾನೇ ಗೂಟ. ನೀವು ಕಟ್ಟಿ."

ವಸಂತಿ ತಲೆ ಇಟ್ಟಳು, ತುರುಬು ಇಟ್ಟಳು. ಬಬಿತ ಕುಂಕುಮ ತಂದು ಬಾಯಿಗೆ ಮೆತ್ತಿ, "ಅಜ್ಜಿ ಎಲೆ ತಿಂದ್ರು!" ಎಂದು ಬಿದ್ದು ಬಿದ್ದು ನಕ್ಕಳು. ಮಗಳು ಅಷ್ಟು ಜೋರಾಗಿ ನಗುತ್ತಾಳೆಂಬುದೇ ಸೇಸಪ್ಪನಿಗೆ ಗೊತ್ತಿರಲಿಲ್ಲ. ಡ್ಯೂಟಿಯಲ್ಲಾದರೆ ಕೈಗವಸು ಇರುತ್ತಿತ್ತು. ಈಗ ಬೆರಳುಗಳು ಮರಗಟ್ಟಿ ಅವನವೇ ಅಲ್ಲದಂತಾಗಿದ್ದವು. "ಸಾಕು, ಕೈ ತೆಗೀರಿ" ಎಂದು ವಸಂತಿ ಗದರಿದಳು. ತೆಗೆದರೆ ಅಜ್ಜಿ ಬೀಳುತ್ತಾಳೆ, ಅಜ್ಜಿ ಬಿದ್ದರೆ ಆ ನಗು ನಿಲ್ಲುತ್ತದೆ. ಅವನು ಕದಲಲಿಲ್ಲ.

ಬಬಿತ ಅಜ್ಜಿಯ ಸುತ್ತ ಬಂದವಳು ಅವನ ಕೈಗಳನ್ನು ಕಂಡು ನಿಂತಳು. ಮೊದಲು ಒಂದು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಬಗ್ಗಿ, ಕೆನ್ನೆ ಉಬ್ಬಿಸಿ, ಅವನ ಕೈಗೆ ಬಿಸಿಯುಸಿರು ಊದತೊಡಗಿದಳು.

"ಬಿಸಿ ಆಯ್ತಾ?" ಎಂದಳು.

ತಾಯಿಯನ್ನು ನಡುವೆ ಇಟ್ಟುಕೊಳ್ಳದೆ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. ಸೇಸಪ್ಪ ಹೂಂ ಎಂದು ತಲೆಯಾಡಿಸಿದ.

ಮಧ್ಯಾಹ್ನ ಬಾಸಿಲ್ ಬಂದು ಹಾರ್ನ್ ಹೊಡೆದ. "ಯಲ್ಲಾ, ಹೊರಡಿ ಸೇಸಪ್ಪಣ್ಣ, ಚೆಕ್-ಇನ್‌ಗೆ ತಡ ಆಗ್ತದೆ!" ದಾರಿಯುದ್ದಕ್ಕೂ ಬಬಿತ ಸೇಸಪ್ಪನ ತೊಡೆಯ ಮೇಲೆ ಕೂತು, ಅವನ ಕಿರುಬೆರಳು ಹಿಡಿದುಕೊಂಡು ಕಿಟಕಿಯಾಚೆಯ ಒಂದೊಂದು ಬೆಟ್ಟವನ್ನೂ ಇದೆಂತದು, ಅದೆಂತದು ಎಂದು ಕೇಳುತ್ತ ಬಂದಳು. ಅವನು ಒಂದನ್ನೂ ಬಿಡದೆ ಉತ್ತರಿಸಿದ. ಇಷ್ಟು ದಿನ ಮಾತಾಡದವಳು ಇವತ್ತು ಯಾಕಾದರೂ ಮಾತಾಡಿದಳೋ ಎಂದು ಸಂಕಟವಾಗುತ್ತಿತ್ತು. ವಸಂತಿ ಇಬ್ಬರನ್ನೂ ನೋಡಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಏರ್‌ಪೋರ್ಟಿನ ಬಾಗಿಲಲ್ಲಿ ಕಾವಲಿನವನು ಟಿಕೆಟ್ ಇದ್ದವರು ಮಾತ್ರ ಒಳಗೆ ಎಂದು ಕೈ ಮಾಡಿದ. ಸೇಸಪ್ಪ ನಿಂತ. ಬಬಿತ ಬೆರಳು ಬಿಡಲಿಲ್ಲ.

"ಟಾಟಾ ಮಾಡು ಮಗಾ" ಎಂದಳು ವಸಂತಿ. "ಅಪ್ಪ ಇಲ್ಲೇ ಇರ್ತಾರೆ."

"ಅಪ್ಪ ಇಲ್ಲೇ ಇರ್ಲಿ" ಎಂದಳು ಬಬಿತ, ಸೇಸಪ್ಪನನ್ನು ಬಾಗಿಲಿನೊಳಕ್ಕೆ ಎಳೆಯುತ್ತ. "ಈ ಮಾಮನನ್ನು ನಾವು ಕರ್ಕೊಂಡು ಹೋಗುವ."